ಮರಕ್ಕೆ ಬಂದು ಕೂತ ಜೇನು ಹಿಂಡು ಹೊಸ ಮನೆ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಂಗೆ, ಬೇವು ಹೂ ಬಿಟ್ಟವೆಂದರೆ ನಮ್ಮ ಕಡೆ ಜೇನಿನ ವಿಚಾರಕ್ಕೆ ಫೋನು ಶುರುವಾಗುತ್ತವೆ. ಚನ್ನಗಿರಿಯ ಅಡಿಕೆ ತೋಟದವರು, ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರು, ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರು, ಎಲ್ಲರದೂ ಹೆಚ್ಚೂಕಮ್ಮಿ ಒಂದೇ ಮಾತು: "ಗಿಡದಾಗೆ ಜೇನು ಬಂದು ಕುಂತಾವೆ, ಏನ್ ಮಾಡಾದ್ರೀ ಈಗ?" ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೆದಿದ್ದೇನೆ. ಪಂಜು ಕಟ್ಟುವ ಮುಂಚೆ ಮೊದಲ ನಾಲ್ಕು ಪ್ರಶ್ನೆಗಳನ್ನಾದರೂ ಓದಿ.

ಬೆಳಿಗ್ಗೆ ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಂಬೆಯಲ್ಲಿ ಕಪ್ಪಗೆ ಗುಂಪು ಜೋತುಬಿದ್ದಿದೆ. ಏನಿದು?

ಜೇನು ಪಾಲಾಗಿ ಬಂದಿದೆ. ಹೂವು ಚೆನ್ನಾಗಿ ಸಿಕ್ಕಿ ಗೂಡಿನಲ್ಲಿ ಹುಳ ಹೆಚ್ಚಾದಾಗ ಕುಟುಂಬ ಎರಡಾಗುತ್ತದೆ. ಹಳೆಯ ಗೂಡು, ಅದರಲ್ಲಿರುವ ತುಪ್ಪ, ಮರಿ ಎಲ್ಲವನ್ನೂ ಹುಟ್ಟಲಿರುವ ಹೊಸ ರಾಣಿಗೆ ಬಿಟ್ಟು, ಹಳೆಯ ರಾಣಿ ದೊಡ್ಡದೊಂದು ಪಾಲು ಕೆಲಸಗಾರ ಹುಳಗಳೊಂದಿಗೆ ಹೊರಬೀಳುತ್ತದೆ. ಮನೆ ಬಿಟ್ಟು ಕೊಡುವುದು ತಾಯಿ, ಉಳಿಯುವುದು ಮಗಳು. ಹೊರಬಿದ್ದ ಹಿಂಡಿಗೆ ಆಗಿನ್ನೂ ಹೋಗಿ ಸೇರಲು ಮನೆ ಗೊತ್ತಾಗಿರುವುದಿಲ್ಲ. ಹತ್ತಿರದ ಯಾವುದೋ ಕೊಂಬೆ, ಕಂಬ, ಬೇಲಿ, ಕೆಲವೊಮ್ಮೆ ನಿಲ್ಲಿಸಿದ ಬೈಕಿನ ಹ್ಯಾಂಡಲ್ಲಿಗೇ ಕೂತು, ಅಲ್ಲಿಂದ ಹುಡುಕಾಟ ನಡೆಸುತ್ತವೆ. ನಿಮ್ಮ ಗಿಡ ಅವುಗಳ ಮನೆಯಲ್ಲ, ತಂಗುದಾಣ.

ಕಚ್ಚುತ್ತವಾ?

ತುಡುವೆ, ಅಂದರೆ ಪೊಟರೆಯಲ್ಲಿ ಗೂಡು ಕಟ್ಟುವ ಚಿಕ್ಕ ಜೇನಿನ ಹಿಂಡಾದರೆ ಸುಮ್ಮನೆ ಬಿಟ್ಟರೆ ಕಚ್ಚುವುದು ತೀರಾ ಅಪರೂಪ. ಕಾಯಲು ಅವುಗಳ ಬಳಿ ಮರಿಯೂ ಇಲ್ಲ, ತುಪ್ಪವೂ ಇಲ್ಲ. ಹೊರಡುವ ಮುಂಚೆ ಹೊಟ್ಟೆ ತುಂಬ ತುಪ್ಪ ಹೀರಿಕೊಂಡು ಬಂದಿರುತ್ತವೆ. ದಾರಿ ಬುತ್ತಿಯೂ ಅದೇ, ಹೊಸ ಎರಿ (ಮರಿ, ತುಪ್ಪ ಇಡುವ ಮೇಣದ ಹಲ್ಲೆ) ಕಟ್ಟುವ ಮೇಣಕ್ಕೆ ಬಂಡವಾಳವೂ ಅದೇ. ಕಲ್ಲು, ನೀರು, ಹೊಗೆ, ಸೀಮೆಎಣ್ಣೆ ಬಿದ್ದರೆ ಮಾತ್ರ ಮಾತು ಬೇರೆ. ಮಕ್ಕಳನ್ನೂ ದನಕರುಗಳನ್ನೂ ಹತ್ತು ಹದಿನೈದು ಮೀಟರ್ ದೂರ ಇಡಿ, ಸಾಕು.

ಹೆಜ್ಜೇನಿಗೆ ಈ ಭರವಸೆ ಅನ್ವಯಿಸುವುದಿಲ್ಲ. ಅದು ತಂಗಿದ್ದರೂ ದೂರವೇ ಇರಿ. ಯಾರಿಗಾದರೂ ಕಚ್ಚಿದರೆ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮುಖ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ಅಥವಾ ತುಂಬಾ ಹುಳ ಕಚ್ಚಿದ್ದರೆ ಮನೆಮದ್ದು ನೋಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಹೆಜ್ಜೇನೋ ತುಡುವೆಯೋ ಗುರುತಿಸುವುದು ಹೇಗೆ?

ಹೆಜ್ಜೇನು ಹುಳ ಎದ್ದು ಕಾಣುವಷ್ಟು ದೊಡ್ಡದು, ಉದ್ದ. ಎತ್ತರದ ನೀರಿನ ಟ್ಯಾಂಕು, ದೊಡ್ಡ ಮರದ ಕೊಂಬೆ, ಬಂಡೆಯ ಚಾಚು ಇವೇ ಅದರ ಜಾಗ. ಬಯಲಿನಲ್ಲೇ ಒಂದೇ ಒಂದು ದೊಡ್ಡ ಎರಿ ಕಟ್ಟುತ್ತದೆ. ತುಡುವೆ ಚಿಕ್ಕದು, ಹೊಟ್ಟೆಯ ಮೇಲೆ ಪಟ್ಟೆ. ಕತ್ತಲಿನ ಪೊಟರೆಯೊಳಗೆ ಸಾಲಾಗಿ ಹಲವು ಎರಿ ಕಟ್ಟುತ್ತದೆ, ಪೆಟ್ಟಿಗೆಯಲ್ಲಿ ಸಾಕುವುದೂ ಇದನ್ನೇ. ಬೇಲಿಗಿಡದಲ್ಲಿ ಅಂಗೈಯಷ್ಟು ಎರಿ ಕಟ್ಟುವ ಪುಟ್ಟ ಹುಳ ಕೋಲುಜೇನು. ಮನೆ ಹುಡುಕುವ ಕಥೆ ಹೆಚ್ಚು ಸ್ವಾರಸ್ಯವಾಗಿರುವುದು ಪೊಟರೆಯೇ ಬೇಕೆನ್ನುವ ಜಾತಿಗಳಲ್ಲಿ. ಕೊಂಬೆ ಎಲ್ಲಿ ಬೇಕಾದರೂ ಸಿಗುತ್ತದೆ, ಒಳ್ಳೆಯ ಪೊಟರೆ ಸಿಗುವುದಿಲ್ಲ.

ಎಷ್ಟು ಹೊತ್ತು ಕೂತಿರುತ್ತವೆ?

ಕೆಲವು ಗಂಟೆಗಳಿಂದ ಎರಡು ಮೂರು ದಿನದವರೆಗೆ. ಮಳೆ, ಮೋಡ ಬಂದರೆ ಹುಡುಕುವ ಕೆಲಸ ನಿಲ್ಲುತ್ತದೆ, ಹಾಗಾಗಿ ಇನ್ನೂ ತಡವಾಗಬಹುದು. ನಾನು ಎಲ್ಲರಿಗೂ ಹೇಳುವುದು ಒಂದೇ: ಒಂದೆರಡು ದಿನ ಬಿಟ್ಟುಬಿಡಿ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಕೊಂದುಹಾಕಿತು. ಅದನ್ನು ದಾಟಿ ಉಳಿದವುಗಳ ಸಂತತಿ ಈಗ ನಿಮ್ಮ ಗಿಡದಲ್ಲಿ ಕೂತಿರುವುದು. ಅದಕ್ಕೆ ಬೆಂಕಿ ಇಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ರಾಣಿ ಹೋದಲ್ಲಿಗೆ ಉಳಿದವು ಹೋಗುತ್ತವೆ, ಅಲ್ಲವಾ?

ಅಲ್ಲ. ಇದು ತುಂಬಾ ಹಳೆಯ ತಪ್ಪು ತಿಳಿವಳಿಕೆ. ಮನೆ ಆರಿಸುವುದರಲ್ಲಿ ರಾಣಿಯ ಪಾತ್ರ ಏನೂ ಇಲ್ಲ. ಹಿಂಡಿನ ನಡುವೆ ಅದು ಸುಮ್ಮನೆ ಕೂತಿರುತ್ತದೆ. ಅದು ಜೊತೆಗಿದೆಯೋ ಇಲ್ಲವೋ ಎಂಬುದು ಮಾತ್ರ ಮುಖ್ಯ: ಹಾರುವಾಗ ರಾಣಿಯ ವಾಸನೆ ತಪ್ಪಿಹೋದರೆ ಹಿಂಡು ಮುಂದೆ ಹೋಗದೆ ಹಿಂತಿರುಗುತ್ತದೆ.

ಹುಡುಕುವುದು ಹಿಂಡಿನ ಹಿರಿಯ ಹುಳಗಳು. ಈ ವಿಚಾರ ಹೆಚ್ಚು ವಿವರವಾಗಿ ಅಧ್ಯಯನವಾಗಿರುವುದು ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ. ಅದರ 10,000 ಹುಳದ ಹಿಂಡಿನಲ್ಲಿ ಮನೆ ಹುಡುಕಲು ಹೋಗುವುದು 300ರಿಂದ 500 ಮಾತ್ರ. ಹಿಂದಿನ ದಿನದವರೆಗೆ ಹೂವು ತಿರುಗುತ್ತಿದ್ದ, ಸುತ್ತಲಿನ ನೆಲ ಬಲ್ಲ ಹುಳಗಳೇ ಇವು. ಹೂವು ನೋಡುವುದನ್ನು ಬಿಟ್ಟು ಈಗ ಕತ್ತಲ ಸಂದುಗಳನ್ನು ಇಣುಕಿ ನೋಡುತ್ತವೆ. ಉಳಿದ ಸಾವಿರಾರು ಹುಳ ಶಕ್ತಿ ಉಳಿಸಿಕೊಂಡು ಕದಲದೆ ಕೂರುತ್ತವೆ.

ಈ ಪುಟದಲ್ಲಿ ಮುಂದೆ ಬರುವ ಅಂಕಿಗಳೂ ಮೆಲ್ಲಿಫೆರಾದವೇ. ತುಡುವೆಯ ನಡೆ ಅದೇ ಬಗೆಯದು, ಆದರೆ ಹಿಂಡು ಚಿಕ್ಕದು, ಬೇಕಾಗುವ ಜಾಗವೂ ಚಿಕ್ಕದು.

ಇದನ್ನೆಲ್ಲ ಕಂಡುಹಿಡಿದವರು ಯಾರು?

ಮಾರ್ಟಿನ್ ಲಿಂಡಾವರ್ ಎಂಬ ಜರ್ಮನ್ ವಿಜ್ಞಾನಿ. ಹೂವಿರುವ ಜಾಗವನ್ನು ಗೂಡಿನ ಬೇರೆ ಹುಳಗಳಿಗೆ ತಿಳಿಸಲು ಜೇನು ಕುಣಿಯುವ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಷ್ ಅವರ ಶಿಷ್ಯ. 1949ರಲ್ಲಿ, ಯುದ್ಧದ ಬಾಂಬಿಗೆ ಹಾಳುಬಿದ್ದಿದ್ದ ಮ್ಯೂನಿಕ್ ನಗರದಲ್ಲಿ, ಗಿಡದಲ್ಲಿ ಕೂತ ಒಂದು ಹಿಂಡಿನ ಮೇಲೆ ಕೆಲವು ಹುಳ ಕುಣಿಯುವುದು ಅವರ ಕಣ್ಣಿಗೆ ಬಿತ್ತು. ಹೂವಿನ ಸುದ್ದಿ ತಂದ ಹುಳದ ಕಾಲಿನಲ್ಲಿ ಪರಾಗ ಇರಬೇಕಿತ್ತು. ಇವುಗಳ ಮೈಯಲ್ಲಿದ್ದದ್ದು ಮಸಿ, ಇಟ್ಟಿಗೆಯ ಕೆಂಪು ಪುಡಿ! ಹೊಗೆಗೂಡು, ಬಿದ್ದ ಗೋಡೆಯ ಸಂದು ಹೊಕ್ಕು ಬಂದಿದ್ದವು. ಮುಂದಿನ ವರ್ಷಗಳಲ್ಲಿ ಅವರು ಹಿಂಡುಗಳ ಪಕ್ಕ ಕೂತು ಪ್ರತಿಯೊಂದು ಕುಣಿತವನ್ನೂ ಬರೆದುಕೊಂಡರು. ಮೊದಮೊದಲು ಹತ್ತಾರು ದಿಕ್ಕು, ಕಡೆಗೆ ಎಲ್ಲವೂ ಒಂದೇ ದಿಕ್ಕು. ಹಿಂಡು ಎದ್ದು ಹಾರಿದ್ದೂ ಅದೇ ದಿಕ್ಕಿಗೆ. ಹಾರುವ ಹಿಂಡಿನ ಕೆಳಗೆ ಓಡಿ ಓಡಿ ಇದನ್ನು ಖಚಿತಪಡಿಸಿಕೊಂಡರು. 1955ರಲ್ಲಿ ಪ್ರಕಟಿಸಿದರು.

ಅವರು ಬಿಟ್ಟಲ್ಲಿಂದ ಮುಂದುವರಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ. ದೊಡ್ಡ ಮರಗಳೇ ಇಲ್ಲದ ಆ್ಯಪಲ್‌ಡೋರ್ ಎಂಬ ನಡುಗಡ್ಡೆಗೆ ಹಿಂಡುಗಳನ್ನು ಒಯ್ದರು. ಅಲ್ಲಿ ಪೊಟರೆ ಸಿಗದ ಕಾರಣ, ಇವರು ಇಟ್ಟ ಪೆಟ್ಟಿಗೆಗಳನ್ನೇ ಹುಳಗಳು ನೋಡಬೇಕಾಯಿತು.

ಒಂದು ಹುಳ ಪೊಟರೆಯನ್ನು ಹೇಗೆ ಅಳೆಯುತ್ತದೆ?

ನಡೆದು ನಡೆದು. ಮೊದಲ ಭೇಟಿಗೇ ಅರ್ಧ ಮುಕ್ಕಾಲು ಗಂಟೆ ಕಳೆಯುತ್ತದೆ. ಒಳಗೆ ಹೋಗುವುದು, ಒಂದು ನಿಮಿಷದೊಳಗೆ ಹೊರಗೆ ಬರುವುದು, ಬಾಗಿಲಿಗೆ ಮುಖಮಾಡಿ ಎಡಕ್ಕೂ ಬಲಕ್ಕೂ ತೇಲುತ್ತಾ ನೋಡುವುದು, ಹೊರಗೋಡೆಯ ಮೇಲೆ ಸರಸರ ಓಡಾಡುವುದು, ಮತ್ತೆ ಒಳಗೆ. ಮೊದಲು ಬಾಗಿಲ ಹತ್ತಿರವೇ ಇರುತ್ತದೆ, ಆಮೇಲೆ ಮೂಲೆ ಮೂಲೆಗೆ ಹೋಗುತ್ತದೆ. ನಿಮ್ಮ ಪಂಪ್‌ಸೆಟ್ ಮನೆಯ ಗೋಡೆಯಲ್ಲಿ ತೂತಿದ್ದರೆ ನೀವೂ ಇದನ್ನು ನೋಡಬಹುದು. ಹೂವಿಗೆ ಹೋಗುವ ಹುಳಕ್ಕೆ ಈ ಚಾಳಿ ಇರುವುದಿಲ್ಲ. ತೂತಿನ ಅಂಚನ್ನು ಮೀಸೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿರುವ ಹುಳ ಕಂಡರೆ ಅದು ಮನೆ ನೋಡಲು ಬಂದದ್ದೇ ಎಂದು ತಿಳಿಯಿರಿ.

ಒಳಗೆ ಅದು ಒಟ್ಟು 50 ಮೀಟರಿಗೂ ಹೆಚ್ಚು ನಡೆಯುತ್ತದೆ. ಸೀಲಿ 1970ರ ದಶಕದಲ್ಲಿ ಇದಕ್ಕೊಂದು ಚಂದದ ಪರೀಕ್ಷೆ ಮಾಡಿದರು. ಒಳಗೋಡೆ ದುಂಡಗೆ ತಿರುಗುವಂಥ ಪೆಟ್ಟಿಗೆ ಮಾಡಿ, ಹುಳ ನಡೆಯುವಾಗ ಗೋಡೆಯನ್ನು ಮೆಲ್ಲಗೆ ತಿರುಗಿಸಿದರು. ಸುತ್ತು ಮುಗಿಸಲು ಹೆಚ್ಚು ನಡೆಯಬೇಕಾಗಿ ಬಂದ ಹುಳ ಆ ಜಾಗವನ್ನು ದೊಡ್ಡದೆಂದು ಎಣಿಸಿತು, ಕಡಿಮೆ ನಡೆದದ್ದು ಚಿಕ್ಕದೆಂದು ಎಣಿಸಿತು. ಪೆಟ್ಟಿಗೆ ಮಾತ್ರ ಅದೇ.

ಎಂಥ ಜಾಗ ಅವುಗಳಿಗೆ ಇಷ್ಟ?

ಮೆಲ್ಲಿಫೆರಾಕ್ಕೆ ಸುಮಾರು 40 ಲೀಟರ್ ಹಿಡಿಸುವ ಪೊಟರೆ. 10 ಲೀಟರಿಗಿಂತ ಚಿಕ್ಕದೂ ಬೇಡ, 100ಕ್ಕಿಂತ ದೊಡ್ಡದೂ ಬೇಡ. ಬಾಗಿಲು ಚಿಕ್ಕದಿರಬೇಕು, 15 ಚದರ ಸೆಂಟಿಮೀಟರ್ ಆಸುಪಾಸು, ಕಾವಲು ಕಾಯಲು ಅನುಕೂಲವಾಗುವಷ್ಟು. ಬಾಗಿಲು ಪೊಟರೆಯ ತಳಭಾಗದಲ್ಲಿರಬೇಕು, ನೆಲದಿಂದ ಎತ್ತರದಲ್ಲಿರಬೇಕು. ಹಿಂದೆ ಯಾವುದೋ ಜೇನು ಬಿಟ್ಟುಹೋದ ಎರಿ ಒಳಗಿದ್ದರೆ ಇನ್ನೂ ಒಳ್ಳೆಯದು, ಮೇಣ ಕಟ್ಟುವ ಖರ್ಚು ಉಳಿಯಿತು. ಚಳಿ ದೇಶದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಬಾಗಿಲು ಬೆಚ್ಚಗಿರುತ್ತದೆಂದು ಅದನ್ನೇ ಬಯಸುತ್ತವೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಆ ಲೆಕ್ಕ ಹಿಡಿಯಬೇಡಿ, ಇಲ್ಲಿ ನೆರಳೇ ದೊಡ್ಡದು.

ತುಡುವೆಗೆ 10ರಿಂದ 20 ಲೀಟರಿನ ಜಾಗ ಸಾಕು, ಎತ್ತರದ ಹಟವೂ ಕಡಿಮೆ. ಹಾಗಾಗಿಯೇ ಅದು ಹುತ್ತದಲ್ಲಿ, ಕಲ್ಲುಬಂಡೆಯ ಸಂದಿನಲ್ಲಿ, ಹಳೆಯ ಮಾಳಿಗೆ ಮನೆಯ ಗೋಡೆಯಲ್ಲಿ, ಹುಣಸೆ ಮರದ ಬುಡದ ಪೊಟರೆಯಲ್ಲೂ ಸಿಗುತ್ತದೆ. ಚಿತ್ರದುರ್ಗದ ಕೋಟೆ ಬೆಟ್ಟದಿಂದ ಜೋಗಿಮಟ್ಟಿಯವರೆಗೆ ಇರುವ ಬಂಡೆ ಸಂದುಗಳನ್ನು ನೆನೆಸಿಕೊಳ್ಳಿ, ಜೇನಿಗೆ ಮನೆಗಳು ಅಲ್ಲಿವೆ. ಹೊಲದ ಬದುವಿನ ಹಳೇ ಮರಗಳನ್ನೆಲ್ಲ ಕಡಿದು ಮೆಕ್ಕೆಜೋಳ ಹಾಕಿದ ಕಡೆ ಅವು ನಿಮ್ಮ ಮೀಟರ್ ಬಾಕ್ಸಿಗೆ ಬರುತ್ತವೆ, ಬೇರೆಲ್ಲಿಗೆ ಹೋಗಬೇಕು?

ಇಷ್ಟು ಆರಿಸಿ ತೂಗಿ ನೋಡುವುದಕ್ಕೆ ಕಾರಣವಿದೆ. ಅಮೆರಿಕದ ಚಳಿ ಪ್ರದೇಶದ ಕಾಡುಜೇನುಗಳಲ್ಲಿ, ಹೊಸದಾಗಿ ಮನೆ ಮಾಡಿದ ಹಿಂಡುಗಳ ಪೈಕಿ ಮೊದಲ ವರ್ಷ ದಾಟುವುದು ನಾಲ್ಕರಲ್ಲಿ ಒಂದರಷ್ಟೇ ಎಂದು ಸೀಲಿ ಕಂಡಿದ್ದರು. ಮನೆ ಚಿಕ್ಕದಾದರೆ ತುಪ್ಪ ಸಾಲದೆ ಚಳಿಗಾಲದಲ್ಲಿ ಕುಟುಂಬವೇ ಸಾಯುತ್ತದೆ.

ಕುಣಿತದಲ್ಲಿ ವಿಳಾಸ ಹೇಗೆ ಹೇಳುತ್ತದೆ?

ಹಿಂಡಿನ ಹೊರಮೈ ಮೇಲೆ, ಅಂದರೆ ಬೇರೆ ಹುಳಗಳ ಬೆನ್ನಿನ ಮೇಲೆಯೇ, ಹೊಟ್ಟೆ ಅಲ್ಲಾಡಿಸುತ್ತಾ ನೇರ ಓಡಿ, ತಿರುಗಿ ಬಂದು, ಮತ್ತೆ ಓಡುತ್ತದೆ. ನೇರ ಮೇಲಕ್ಕೆ ಓಡಿದರೆ "ಸೂರ್ಯನಿರುವ ದಿಕ್ಕಿಗೆ". ಮೇಲಿನಿಂದ ಎಷ್ಟು ಓರೆಯಾಗಿ ಓಡುತ್ತದೋ ಸೂರ್ಯನಿಂದ ಅಷ್ಟು ಓರೆಗೆ. ಅಲ್ಲಾಡಿಸುತ್ತಾ ಓಡುವ ಹೊತ್ತು ದೂರವನ್ನು ಹೇಳುತ್ತದೆ: ಮೆಲ್ಲಿಫೆರಾದಲ್ಲಿ ಒಂದು ಸೆಕೆಂಡ್ ಎಂದರೆ ಸರಿಸುಮಾರು ಒಂದು ಕಿಲೋಮೀಟರ್. ತುಡುವೆಯಲ್ಲಿ ಅದೇ ಒಂದು ಸೆಕೆಂಡಿಗೆ ದೂರ ಇನ್ನೂ ಕಡಿಮೆ.

ಹತ್ತಿಪ್ಪತ್ತು ಜಾಗ ನೋಡಿ ಬಂದ ಮೇಲೆ ಒಂದನ್ನೇ ಆರಿಸುವುದು ಹೇಗೆ? ಜಗಳ ಆಗುವುದಿಲ್ಲವಾ?

ನನಗೆ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಭಾಗ ಇದು. ಎಲ್ಲ ಜಾಗಗಳನ್ನೂ ನೋಡಿ ಹೋಲಿಸುವ ಹುಳ ಒಂದೂ ಇರುವುದಿಲ್ಲ. ಹೆಚ್ಚಿನವು ನೋಡುವುದು ಒಂದೇ ಜಾಗವನ್ನು. ಹಾಗಿದ್ದೂ ಹಿಂಡು ಒಳ್ಳೆಯದನ್ನೇ ಹಿಡಿಯುತ್ತದೆ. ಇದಕ್ಕೆ ಮೂರು ಸಂಗತಿಗಳು ಕಾರಣ.

ಮೊದಲನೆಯದು, ಜಾಗ ಚೆನ್ನಾಗಿದ್ದಷ್ಟೂ ಹುಳ ಹೆಚ್ಚು ಸುತ್ತು ಕುಣಿಯುತ್ತದೆ. ಸಾಧಾರಣ ಜಾಗಕ್ಕೆ ಸಾಧಾರಣ ಕುಣಿತ. ತಾನು ಕಂಡದ್ದನ್ನು ಉಬ್ಬಿಸಿ ಹೇಳುವುದಿಲ್ಲ.

ಎರಡನೆಯದು, ಕುಣಿತ ನೋಡಿದ ಹುಳ ಅದನ್ನು ನಂಬಿ ತಾನೂ ಕುಣಿಯಲು ಶುರುಮಾಡುವುದಿಲ್ಲ. ಹಾರಿಹೋಗಿ, ಪೊಟರೆ ಹೊಕ್ಕು, ತಾನೇ ಅಳೆದು, ಮನಸ್ಸಿಗೆ ಬಂದರೆ ಮಾತ್ರ ಬಂದು ಕುಣಿಯುತ್ತದೆ. ಬ್ರೋಕರ್ ಹೇಳಿದನೆಂದು ಯಾವ ರೈತನೂ ಹೊಲ ಕೊಳ್ಳುವುದಿಲ್ಲ, ಹೋಗಿ ಮಣ್ಣು ಹಿಡಿದು ನೋಡುತ್ತಾನೆ, ಇಲ್ಲಿಯೂ ಹಾಗೆಯೇ. ಹೀಗಾಗಿ ಒಂದು ಹುಳ ಮಾಡಿದ ತಪ್ಪು ಹಿಂಡಿಗೆಲ್ಲ ಹರಡುವುದಿಲ್ಲ.

ಮೂರನೆಯದು, ಪ್ರತಿ ಹುಳವೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಜಾಗಕ್ಕೆ ಹೋಗಿ ಬರುವ ಪ್ರತಿ ಸಲವೂ ಕುಣಿತದ ಸುತ್ತು ಸುಮಾರು 15ರಷ್ಟು ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಒಳ್ಳೆಯ ಹುಣಸೆ ಪೊಟರೆ ಕಂಡ ಹುಳ ಮೊದಲ ಸಲ 90 ಸುತ್ತು ಕುಣಿಯಿತು ಎನ್ನಿ. ಆಮೇಲೆ 75, 60, 45, 30, 15. ಒಟ್ಟು 315. ಕಾಂಪೌಂಡಿನ ಬಿರುಕು ಕಂಡ ಹುಳ 30ರಿಂದ ಶುರುಮಾಡಿ ಮುಂದಿನ ಸಲ 15ಕ್ಕೆ ನಿಂತಿತು. ಒಟ್ಟು 45. ಮೂರು ಪಟ್ಟಿನ ವ್ಯತ್ಯಾಸ ಏಳು ಪಟ್ಟಾಯಿತು. ಹೆಚ್ಚು ಸುತ್ತು ಕುಣಿದ ಜಾಗಕ್ಕೆ ಹೆಚ್ಚು ಹುಳ ಹೋಗಿ ನೋಡುತ್ತವೆ, ಅವು ಬಂದು ಮತ್ತೆ ಕುಣಿಯುತ್ತವೆ. ಬಿರುಕಿನ ಪರ ಕುಣಿದವು ಸೋತು ಬಾಯಿ ಮುಚ್ಚಬೇಕಾಗಿಲ್ಲ, ತಮ್ಮಷ್ಟಕ್ಕೇ ನಿಲ್ಲಿಸಿರುತ್ತವೆ. ತನ್ನದೇ ಸರಿ ಎಂದು ಕಡೆಯವರೆಗೂ ಹಟ ಹಿಡಿಯುವವರು ಅಲ್ಲಿಲ್ಲ.

ಎರಡು ಜಾಗ ಒಂದಕ್ಕೊಂದು ಸರಿಸಮ ಇದ್ದರೆ?

ಆಗ ಸ್ವಲ್ಪ ಗುದ್ದಾಟ ನಡೆಯುತ್ತದೆ. ಒಂದು ಜಾಗದ ಪರ ಇರುವ ಹುಳ, ಇನ್ನೊಂದರ ಪರ ಕುಣಿಯುತ್ತಿರುವ ಹುಳಕ್ಕೆ ತಲೆಯಿಂದ ಡಿಕ್ಕಿ ಕೊಟ್ಟು "ಪೀ" ಎಂದು ಚಿಕ್ಕದಾಗಿ ಸದ್ದು ಮಾಡುತ್ತದೆ. ಹೀಗೆ ಹಲವು ಡಿಕ್ಕಿ ತಿಂದ ಹುಳ ಕುಣಿಯುವುದನ್ನು ಬೇಗ ಬಿಡುತ್ತದೆ. ಒಂದು ಪೆಟ್ಟಿಗೆಗೆ ಹೋದ ಹುಳಗಳಿಗೆ ಒಂದು ಬಣ್ಣ, ಇನ್ನೊಂದಕ್ಕೆ ಹೋದವಕ್ಕೆ ಇನ್ನೊಂದು ಬಣ್ಣ ಹಚ್ಚಿ ಸೀಲಿ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹಿಂಡು ಎರಡು ಸಮಾನ ಜಾಗಗಳ ನಡುವೆ ಸಿಕ್ಕಿಹಾಕಿಕೊಳ್ಳದಿರಲು ಇದು ನೆರವಾಗುತ್ತದೆ.

"ಇನ್ನು ಸಾಕು, ಇದೇ ನಮ್ಮ ಮನೆ" ಎಂದು ಗೊತ್ತಾಗುವುದು ಯಾವಾಗ?

ಎಲ್ಲ ಕುಣಿತಗಳೂ ಒಂದಾಗುವವರೆಗೆ ಕಾಯುತ್ತವೆ ಎಂದು ಮೊದಲು ಅಂದುಕೊಂಡಿದ್ದರು. ಹಾಗಲ್ಲ, ತೀರ್ಮಾನ ಆಗುವುದು ಹೊಸ ಮನೆಯ ಬಾಗಿಲಲ್ಲಿ. ಅಲ್ಲಿ ಒಂದೇ ಹೊತ್ತಿಗೆ 20–30 ಹುಳ ಸೇರಿದವೆಂದರೆ ಅದೇ ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದಷ್ಟು ಹಾಜರಿ. ಒಂದೇ ಥರದ ಐದು ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಟ್ಟು ಇದನ್ನು ಪರೀಕ್ಷಿಸಿದ್ದಾರೆ. ಕುಣಿತವೆಲ್ಲ ಒಂದೇ ಕಡೆಗಿದ್ದರೂ ಹುಳಗಳು ಐದರಲ್ಲಿ ಹಂಚಿಹೋದವು, ಎಲ್ಲಿಯೂ ಬೇಗ ಕೋರಂ ಆಗಲಿಲ್ಲ, ಹಿಂಡು ಹೊರಡುವುದೂ ತಡವಾಯಿತು.

ಹೊರಡುವ ಸೂಚನೆ ಏನಾದರೂ ಕಾಣುತ್ತದಾ?

ಕಾಣುತ್ತದೆ, ಕೇಳುತ್ತದೆ ಕೂಡ. ಮನೆ ನೋಡಿ ಬಂದ ಹುಳಗಳು ಹಿಂಡಿನೊಳಗೆ ನುಗ್ಗಿ, ಕೂತವುಗಳ ಮೈಗೆ ಮೈ ಒತ್ತಿ ಕಿರುಗುಟ್ಟುತ್ತವೆ. "ಮೈ ಬೆಚ್ಚಗೆ ಮಾಡಿಕೊಳ್ಳಿ" ಎಂದು ಅದರ ಅರ್ಥ. ಹಾರಲು ರೆಕ್ಕೆಯ ಸ್ನಾಯು 35 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಎಲ್ಲವೂ ಕಾಯ್ದ ಮೇಲೆ ಕೆಲವು ಹುಳ ಗುಂಯ್‌ಗುಡುತ್ತಾ ಅಡ್ಡಾದಿಡ್ಡಿ ಓಡುತ್ತವೆ. ಆಗ ಹತ್ತಿರದಿಂದ ನೋಡಿದರೆ, ಕಾಲಿಗೆ ಕಾಲು ಹೆಣೆದು ಬಿಗಿಯಾಗಿದ್ದ ಹುಳಗಳು ಒಂದೊಂದೇ ಹಿಡಿತ ಸಡಿಲಿಸುವುದು ಕಾಣುತ್ತದೆ. ನಿಮಿಷದೊಳಗೆ ಕೊಂಬೆ ಖಾಲಿ.

ಗಾಳಿಯಲ್ಲಿರುವ ಸಾವಿರಾರು ಹುಳಗಳಲ್ಲಿ ದಾರಿ ಬಲ್ಲವು ನೂರಕ್ಕೆ ಐದಕ್ಕಿಂತ ಕಡಿಮೆ. ಅವು ಹಿಂಡಿನ ಮೇಲ್ಭಾಗದಲ್ಲಿ ಬಾಣದ ವೇಗದಲ್ಲಿ ಮನೆಯ ದಿಕ್ಕಿಗೆ ಮತ್ತೆ ಮತ್ತೆ ಹಾರಿ ತೋರಿಸುತ್ತವೆ, ಉಳಿದವು ಅವುಗಳ ಜಾಡು ಹಿಡಿಯುತ್ತವೆ. ಬಾಗಿಲು ಮುಟ್ಟಿದ ಮೇಲೆ ಹೊಟ್ಟೆ ಎತ್ತಿ, ರೆಕ್ಕೆ ಬೀಸಿ ನಿಂಬೆಯಂಥ ವಾಸನೆ ಹರಡಿ ಒಳಗೆ ಕರೆಯುತ್ತವೆ.

ಅವುಗಳ ಆಯ್ಕೆ ತಪ್ಪುವುದೇ ಇಲ್ಲವಾ?

ತಪ್ಪುತ್ತದೆ, ಅಪರೂಪಕ್ಕೆ. ನಡುಗಡ್ಡೆಯಲ್ಲಿ ನಾಲ್ಕು ಚಿಕ್ಕ ಪೆಟ್ಟಿಗೆ, ಒಂದು 40 ಲೀಟರಿನ ಪೆಟ್ಟಿಗೆ ಇಟ್ಟು ಐದು ಸಲ ಪರೀಕ್ಷಿಸಿದಾಗ ನಾಲ್ಕು ಸಲ ಹಿಂಡು ದೊಡ್ಡದನ್ನೇ ಆರಿಸಿತು. ಒಳ್ಳೆಯದು ಮೊದಲು ಕಣ್ಣಿಗೆ ಬೀಳದಿದ್ದರೂ ಆಮೇಲೆ ಮುಂದೆ ಬಂತು.

ಹೆಜ್ಜೇನು, ಕೋಲುಜೇನೂ ಹೀಗೆಯೇ ಮಾಡುತ್ತವಾ?

ಅವೂ ಕುಣಿಯುತ್ತವೆ, ಅವೂ ದಿಕ್ಕಿನ ಬಗ್ಗೆ ಒಮ್ಮತಕ್ಕೆ ಬರುತ್ತವೆ. ಕೋಲುಜೇನಿಗೆ ಕೊಂಬೆ ಸಾಕಾದ್ದರಿಂದ ಇಂತಿಂಥದ್ದೇ ಕೊಂಬೆ ಎಂದು ಖಚಿತ ಮಾಡಿಕೊಳ್ಳುವ ಗೋಜಿಗೆ ಹೋಗದೆ, ಸುಮಾರಾಗಿ ದಿಕ್ಕು ಗೊತ್ತಾದರೆ ಎದ್ದುಬಿಡುತ್ತದೆ. ಹೆಜ್ಜೇನು ಹೂವಿನ ಜಾಡು ಹಿಡಿದು ದೂರದೂರಕ್ಕೆ ವಲಸೆ ಹೋಗುವ ಜಾತಿ. ಹೋದ ಕುಟುಂಬವೇ ತಿಂಗಳುಗಳ ನಂತರ ಅದೇ ಜಾಗಕ್ಕೆ ಮರಳುತ್ತದೆಂದು ಅಸ್ಸಾಮಿನಲ್ಲಿ ವಂಶವಾಹಿ ಪರೀಕ್ಷೆಯಿಂದ 2000ದಲ್ಲಿ ತೋರಿಸಿದ್ದಾರೆ. ನಿಮ್ಮೂರ ಟ್ಯಾಂಕಿಗೆ ಪ್ರತಿ ವರ್ಷ ಹೆಜ್ಜೇನು ಬರುತ್ತಿದ್ದರೆ ಹಳೇ ಪರಿಚಯದವೇ ಇರಬಹುದು.

ಖಾಲಿ ಪೆಟ್ಟಿಗೆ ಇಟ್ಟರೆ ತಾವಾಗಿ ಬರುತ್ತವಾ?

ಬರುತ್ತವೆ, ಹೂವಿನ ಕಾಲಕ್ಕೆ ಮುಂಚೆ ಇಟ್ಟರೆ. ಮೇಲೆ ಹೇಳಿದ್ದನ್ನೆಲ್ಲ ಅವುಗಳ ಕಣ್ಣಿನಿಂದ ನೋಡಿ: ಚಿಕ್ಕ ಬಾಗಿಲು, ಒಳಗೆ ಕತ್ತಲು, ಬಿರುಕಿಲ್ಲದ ಹಲಗೆ, ದಿನವಿಡೀ ನೆರಳು, ಆಳೆತ್ತರಕ್ಕಿಂತ ಮೇಲೆ. ಒಳಗೋಡೆಗೆ ಕರಗಿಸಿದ ಜೇನುಮೇಣ ಸವರಿ, ಮೇಣದ ಪತಂಗ ಹೊಕ್ಕಿರದ ಹಳೇ ಎರಿಯ ತುಂಡೊಂದನ್ನು ಕಟ್ಟಿ. ಮಜ್ಜಿಗೆಹುಲ್ಲನ್ನು ಬಾಗಿಲಿಗೆ ಉಜ್ಜುವವರೂ ಇದ್ದಾರೆ. ಅದರ ವಾಸನೆ ಜೇನಿನ ಕರೆಯುವ ವಾಸನೆಗೆ ಹತ್ತಿರ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಮೊದಲು ಬರುತ್ತದೆ. ಪೆಟ್ಟಿಗೆ, ತರಬೇತಿಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಪೆಟ್ಟಿಗೆಯಲ್ಲಿದ್ದ ಜೇನು ಪೂರ್ತಿ ಎದ್ದುಹೋಯಿತು. ಇದೂ ಪಾಲಾಗುವುದೇ?

ಅಲ್ಲ, ಅದು ಪರಾರಿ. ಹಿಂದೆ ಯಾರೂ ಉಳಿಯುವುದಿಲ್ಲ. ಇರುವೆ, ಮೇಣದ ಪತಂಗ, ಬಿಸಿಲು, ಹೂವಿನ ಬರ, ಪದೇ ಪದೇ ಮುಚ್ಚಳ ತೆಗೆಯುವುದು ಇವೇ ಕಾರಣ. ತುಡುವೆಗೆ ಈ ಸ್ವಭಾವ ಹೆಚ್ಚು.

ಮನೆಗೆ ಜೇನು ಬಂದರೆ ಶುಭವೋ ಅಶುಭವೋ?

ಲಕ್ಷ್ಮಿ ಬಂದಳು ಎನ್ನುವವರಿದ್ದಾರೆ, ಮನೆ ಬಿಡಬೇಕು ಎನ್ನುವವರೂ ಇದ್ದಾರೆ. ನಿಮ್ಮ ಸುತ್ತ ಹೂವು, ನೀರು ಇದೆ ಎಂಬುದಂತೂ ಖಚಿತ.

ಮೀಟರ್ ಬಾಕ್ಸಿನ ತೂತಿಗೆ ಬೆಳಿಗ್ಗೆಯಿಂದ ನಾಲ್ಕೈದು ಹುಳ ಬಂದು ಹೋಗುತ್ತಿವೆ. ಈಗೇನು ಮಾಡಲಿ?

ಈಗಲೇ ಮಾಡಿ, ಸಂಜೆಗೆ ಬಿಡಬೇಡಿ. ಹತ್ತಿರದಲ್ಲೆಲ್ಲೋ ಹಿಂಡು ಕೂತಿದೆ, ನಿಮ್ಮ ಮೀಟರ್ ಬಾಕ್ಸು ಪಟ್ಟಿಯಲ್ಲಿದೆ, ಇನ್ನೂ ತೀರ್ಮಾನವಾಗಿಲ್ಲ. ವೈರಿನ ತಂಟೆಗೆ ಹೋಗದೆ, ಒಳಗಿರುವ ಹುಳ ಹೊರಬರುವುದನ್ನು ಕಾದು, ಹೊರಗಿನ ತೂತಿಗೆ ಬಟ್ಟೆಯನ್ನೋ ತಂತಿ ಜಾಲರಿಯನ್ನೋ ತುರುಕಿ. ಒಳಗೆ ಹೋಗಲಾಗದ ಹುಳ ವಾಪಸ್ ಹೋಗಿ ಕುಣಿಯುವುದಿಲ್ಲ, ಅಲ್ಲಿಗೆ ನಿಮ್ಮ ಮನೆ ಪಟ್ಟಿಯಿಂದ ಹೊರಬಿತ್ತು. ಕೈಯಲ್ಲೊಂದು ಖಾಲಿ ಪೆಟ್ಟಿಗೆ ಇದ್ದರೆ ಅದನ್ನು ಅಲ್ಲೇ ಹತ್ತಿರ, ನೆರಳಿರುವ ಕಡೆ ಎತ್ತರದಲ್ಲಿಡಿ. ಬಂದ ಹುಳಗಳು ಅದನ್ನೂ ಒಮ್ಮೆ ಹೊಕ್ಕು ಅಳೆಯುತ್ತವೆ.

ಹಿಂಡು ಆಗಲೇ ಒಳಸೇರಿದ್ದರೆ ತೂತು ಮುಚ್ಚಬೇಡಿ. ಹುಳ ಸತ್ತು ಎರಿ ಕರಗಿ ಗೋಡೆಯೆಲ್ಲ ನಾರುತ್ತದೆ. ಜೇನು ಸಾಕುವವರನ್ನು ಕರೆಸಿ, ಎರಿಯ ಸಮೇತ ಪೆಟ್ಟಿಗೆಗೆ ಇಳಿಸಲಿ. ಎರಿ ಇನ್ನೂ ಅಂಗೈಯಷ್ಟಿರುವಾಗ, ಮೊದಲ ವಾರದಲ್ಲೇ ಕರೆಸಿದರೆ ಕೆಲಸ ಸುಲಭ.